ಮುದ್ದೆ ಚಾರ್ಟಿನ ಸಿಸ್ಟರ್

ನರ್ಸಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ನಮ್ಮ ಮನೆಗೆ ಬಂದರೆ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಐಸಿಯು ಒಳ್ಳೇದಾ, ಆಪರೇಷನ್ ಥಿಯೇಟರ್ ಒಳ್ಳೇದಾ?" ನಾನು "ಕಕ್ಕಸು ಒಳ್ಳೇದು" ಅನ್ನುತ್ತೇನೆ. ಅವರು ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ಕಿಸಿಕಿಸಿ ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ಆದರೆ ನಾನು ಹೇಳುವುದು ತಮಾಷೆಗಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಕೊನೆಯ ಹನ್ನೆರಡು ವರ್ಷ ನಾನು ಕಳೆದದ್ದು ನಾಲ್ಕು ತಾಲ್ಲೂಕಿನ ಜನರ ಕಕ್ಕಸಿನ ಸಮಾಚಾರ ಕೇಳಿಕೊಂಡೇ. ಅಷ್ಟು ನಕ್ಕಿದ್ದು, ಅಷ್ಟು ಬೈದದ್ದು, ಅಷ್ಟು ಬೈಸಿಕೊಂಡದ್ದು ಹಿಂದಿನ ಹತ್ತೊಂಬತ್ತು ವರ್ಷದಲ್ಲಿ ಒಟ್ಟು ಸೇರಿಸಿದರೂ ಇಲ್ಲ.

ರಾಮನಗರದ ನಮ್ಮ ಆಸ್ಪತ್ರೆಗೆ ಬೆಂಗಳೂರಿನಿಂದ ವಾರಕ್ಕೆ ಎರಡು ದಿನ ಹೊಟ್ಟೆ ಡಾಕ್ಟ್ರು ಬರೋದಕ್ಕೆ ಶುರು ಮಾಡಿದಾಗ ಹೆದ್ದಾರಿ ಅಗೆದು ಹಾಕಿದ್ದರು. ಧೂಳಿನಲ್ಲಿ ಮಿಂದು ಬಂದು, ಮುಖ ತೊಳೆದು, ಅವರು ನನ್ನನ್ನು ಕರೆದರು. "ಸಿಸ್ಟರ್, ನಾನು ಹೊರದೇಶದಲ್ಲಿದ್ದಾಗ ನೋಡಿದ್ದೀನಿ. ಕರುಳಿನ ದೀರ್ಘಕಾಲದ ಕಾಯಿಲೆಯವರನ್ನು ನೋಡ್ಕೊಳ್ಳೋದು ಡಾಕ್ಟರಲ್ಲ, ನರ್ಸು. ನಾನು ಐದು ನಿಮಿಷ ನೋಡಿ ಚೀಟಿ ಬರೀತೀನಿ. ಮಿಕ್ಕ ದಿನ ಅವರನ್ನ ನೀವು ನೋಡಬೇಕು." ಬೆಂಗಳೂರಿನಲ್ಲಿ ಒಂದು ತಿಂಗಳು ತರಬೇತಿ ಕೊಡಿಸಿದರು. ಕೈಗೆ ಇಟ್ಟಿಗೆಯಂಥ ಒಂದು ಮೊಬೈಲ್ ಕೊಟ್ಟರು. ಅದರ ನಂಬರನ್ನು ಎಲ್ಲ ರೋಗಿಗಳ ಚೀಟಿಯ ಮೇಲೂ ಬರೆದರು. ಅಲ್ಲಿಗೆ ನನ್ನ ಸಂಸಾರದ ನೆಮ್ಮದಿ ಮುಗಿಯಿತು.

ಕಾಯಿಲೆ ಏನೆಂದು ಹೇಳಿಬಿಡುತ್ತೇನೆ. ದೊಡ್ಡ ಕರುಳಿನ ಒಳಮೈ ಹುಣ್ಣಾಗಿ, ದಿನಕ್ಕೆ ಹತ್ತು ಹದಿನೈದು ಸಲ ರಕ್ತ ಬೆರೆತು ಹೋಗುತ್ತದೆ. ಒಮ್ಮೆ ಬಂದರೆ ಪೂರ್ತಿ ಹೋಗುವುದಿಲ್ಲ. ಮಾತ್ರೆ ಬಿಡದೆ ನುಂಗಿದರೆ ಅಡಗಿ ಕೂತಿರುತ್ತದೆ, ಬಿಟ್ಟರೆ ಎದ್ದು ಬರುತ್ತದೆ. ಬಿಡದಿ, ಹಾರೋಹಳ್ಳಿ ಕಡೆ ಕಾರ್ಖಾನೆಗಳು ಬಂದ ಮೇಲೆ ಈ ರೋಗ ಹೆಚ್ಚಾಯಿತು, ಎಲ್ಲಾ ಕ್ಯಾಂಟೀನ್ ಊಟದ ಮಹಿಮೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ಹೊಲದಲ್ಲಿದ್ದಾಗ ಬೇಲಿ ಹಿಂದಕ್ಕೆ ಎಷ್ಟು ಸಲ ಹೋದರೂ ಯಾರೂ ಕೇಳುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಒಬ್ಬ ಎದ್ದು ಹೋದರೆ ಲೈನೇ ನಿಲ್ಲುತ್ತದೆ, ರಜೆ ಹಾಕಿದರೆ ಡಾಕ್ಟರ ಚೀಟಿ ಕೇಳುತ್ತಾರೆ. ಆ ಚೀಟಿಗಾಗಿ ಬಂದವರೇ ನಮ್ಮ ಮೊದಲ ರೋಗಿಗಳು.

ಬಂದರೇನು, ಬಾಯಿ ಬಿಡಬೇಕಲ್ಲ! "ಮೋಷನ್ ಹೇಗಿದೆ?" ಎಂದರೆ "ಪರವಾಗಿಲ್ಲ ಸಿಸ್ಟ್ರೇ." "ಗಟ್ಟಿಯಾ, ನೀರಾ?" "ಒಸಿ ಲೂಸು." ಹದಿನೈದು ಸಲ ಹೋಗುವವನೂ ಒಸಿ ಲೂಸು, ಮೂರು ಸಲ ಹೋಗುವವನೂ ಒಸಿ ಲೂಸು. ಡಾಕ್ಟ್ರು ಹೊರದೇಶದಿಂದ ತಂದ ಒಂದು ಚಿತ್ರಪಟ ಕೊಟ್ಟರು, ಮಲದ ನಮೂನೆಗಳನ್ನು ಸಾಲಾಗಿ ಬರೆದದ್ದು. ಅದನ್ನು ಮಾಗಡಿಯ ಒಬ್ಬ ಹಿರಿಯರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿ, "ಇದ್ರಾಗೆ ಯಾವ್ದು ಬಿತ್ತನೆಗೆ ಒಳ್ಳೇದು ಸಿಸ್ಟ್ರೇ?" ಅಂದರು. ಅವರು ಅದನ್ನು ಗೆಡ್ಡೆಗೆಣಸಿನ ಪಟ ಅಂದುಕೊಂಡಿದ್ದರು.

ಅವತ್ತೇ ಮನೆಗೆ ಹೋಗಿ ಡ್ರಾಯಿಂಗ್ ಶೀಟ್ ಹರಡಿಕೊಂಡು ನಾನೇ ಒಂದು ಚಾರ್ಟು ಬರೆದೆ. ಒಂದನೆಯದು ಹುಣಸೆಬೀಜ, ಎರಡನೆಯದು ಮುದ್ದೆ, ಮೂರನೆಯದು ಗಂಜಿ, ನಾಲ್ಕನೆಯದು ಅಂಬಲಿ, ಐದನೆಯದು ನೀರುಮಜ್ಜಿಗೆ. ರಕ್ತ ಕಂಡರೆ ಪಕ್ಕದಲ್ಲಿ ಕೆಂಪು ಚುಕ್ಕೆ. ಹೆಸರು ಓದಲು ಬಾರದವರಿಗೆ ತಟ್ಟೆ, ಲೋಟದ ಚಿತ್ರ. ಡಾಕ್ಟ್ರು ನೋಡಿ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೇಟ್ರನ್ ಅಮ್ಮನವರು ಮಾತ್ರ, "ಪಾರ್ವತಮ್ಮ, ನಿನ್ನಿಂದ ನಾನು ಒಂದು ವಾರ ಮೆಸ್ಸಿನಲ್ಲಿ ಮಜ್ಜಿಗೆ ಮುಟ್ಟಿಲ್ಲ" ಎಂದು ಕೈ ಮುಗಿದರು.

ಆದರೆ ಜನರ ಬಾಯಿ ಬಿಚ್ಚಿಕೊಂಡಿತು ನೋಡಿ! ಬಾಯಿ ಅಲ್ಲ, ಕಟ್ಟೆಯೇ ಒಡೆಯಿತು. ಬಸ್ಸಿನಲ್ಲಿ ಕೂತಿದ್ದರೆ ಮೊಬೈಲ್ ಕಿರುಚುವುದು. ಆಗ ಸಿಗ್ನಲ್ ಸರಿಯಾಗಿ ಸಿಗದೆ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು. ನಾನೂ ಕೂಗುತ್ತಿದ್ದೆ. "ಎಷ್ಟು? ಎರಡು ಮುದ್ದೆ, ಒಂದು ಅಂಬಲಿನಾ? ಮಜ್ಜಿಗೆ ಇಲ್ವಾ? ಬಹಳ ಸಂತೋಷ!" ಒಂದು ದಿನ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾ, "ಎಲ್ಲವ್ವಾ ನಿಮ್ಮ ಹೋಟ್ಲು? ನಮ್ ಡ್ರೈವರಣ್ಣಂಗೂ ಒಂದ್ ಊಟ ಕಟ್ಟುಸ್ಕೊಡಿ" ಅಂದ. ಇಳಿಯುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ನಕ್ಕೆ.

ಮದುವೆ ಮನೆಗಳಲ್ಲಂತೂ ನನಗೆ ಊಟಕ್ಕೆ ಕೂರುವ ಯೋಗವೇ ತಪ್ಪಿಹೋಯಿತು. ಎಲೆ ಹಾಕುವ ಹೊತ್ತಿಗೆ ಯಾರಾದರೂ ಬಂದು "ಸಿಸ್ಟ್ರೇ, ಒಸಿ ಈ ಕಡೀಕ್ ಬತ್ತೀರಾ" ಎನ್ನುವುದು. ಹುಡುಗನ ಸೋದರಮಾವನಿಗೆ ಮೂಲವ್ಯಾಧಿ, ಹುಡುಗಿಯ ದೊಡ್ಡಪ್ಪನಿಗೆ ನಾಲ್ಕು ದಿನದಿಂದ ಹುಣಸೆಬೀಜ. ಹಸೆಮಣೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳಬೇಕು. ಕೇಳಿಸಿಕೊಂಡೆ ಕೂಡ. ಯಾರಿಗೂ ಹೇಳಲಾಗದ್ದನ್ನು ಜನ ನನಗೆ ಹೇಳುತ್ತಿದ್ದಾರೆ ಅನ್ನುವುದರಲ್ಲಿ ಒಂದು ಜಂಬವೂ ಇತ್ತು, ಸುಳ್ಳು ಹೇಳುವುದಿಲ್ಲ.

ಜಂಬ ಇಳಿಸಿದ್ದು ಚನ್ನಪಟ್ಟಣದ ಗೊಂಬೆ ಕೆಲಸದ ಕರಿಯಪ್ಪನವರು. ಅವರಿಗೆ ಗುದದ ಮೂಲಕ ಔಷಧಿ ಏರಿಸಿಕೊಳ್ಳಲು ಬರೆದಿದ್ದರು. ಏರಿಸಿಕೊಂಡ ಮೇಲೆ ಎಡ ಮಗ್ಗುಲಿಗೆ ಸ್ವಲ್ಪ ಹೊತ್ತು ಅಲುಗಾಡದೆ ಮಲಗಬೇಕು. ಮೊದಲ ದಿನ ಬೆಳಗ್ಗೆ ಫೋನಿನಲ್ಲೇ ಒಂದೊಂದಾಗಿ ಹೇಳಿ ಮಾಡಿಸಿದೆ. "ಎಷ್ಟೊತ್ತು ಮನೀಕಬೇಕು ಸಿಸ್ಟ್ರೇ?" ಎಂದರು. "ನಾನೇ ಫೋನ್ ಮಾಡ್ತೀನಿ, ಅಲ್ಲೀವರೆಗೂ ಏಳ್ಬೇಡಿ" ಎಂದೆ. ಅಷ್ಟರಲ್ಲಿ ಹೊರರೋಗಿಗಳ ಸಾಲು, ರಕ್ತ ಪರೀಕ್ಷೆಯ ಗಲಾಟೆ, ಮರೆತೇಬಿಟ್ಟೆ. ಮಧ್ಯಾಹ್ನ ಮೂರಕ್ಕೆ ನೆನಪಾಯಿತು. ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿದರು. "ಮನೀಕಂಡವ್ರೆ ಕಣವ್ವ, ಅಲ್ಲಾಡಿಲ್ಲ. ಮುದ್ದೆ ಮುರಿದು ಬಾಯಿಗೆ ಇಕ್ತಾ ಇವ್ನಿ." ಹಿಂದಿನಿಂದ ಕರಿಯಪ್ಪನವರ ಕ್ಷೀಣ ದನಿ: "ಕೇಳೇ, ಈಗ್ಲಾದ್ರೂ ಏಳ್ಬೋದಾ ಅಂತ."

ಆರೋಗ್ಯಕ್ಕೇನೂ ಆಗಲಿಲ್ಲ, ಎಡಗೈ ಒಂದು ದಿನ ಜೋಮು ಹಿಡಿದಿತ್ತು ಅಷ್ಟೆ. ಆದರೆ ಹುಡುಗಿಯರೇ, ಇದನ್ನು ನೆನಪಿಟ್ಟುಕೊಳ್ಳಿ. ನಮ್ಮ ಕಡೆಯ ಜನ ಒಮ್ಮೆ ನಂಬಿದರೆ ನೀವು ಹೇಳಿದ್ದನ್ನು ಅಕ್ಷರಶಃ ಮಾಡುತ್ತಾರೆ. ಹೇಳದೆ ಬಿಟ್ಟಿದ್ದನ್ನು ಅವರೇ ಊಹಿಸಿ ಮಾಡುತ್ತಾರೆ. ಈ ಎರಡನೆಯದು ನನಗೆ ತಿಳಿದದ್ದು ರತ್ನಳ ವಿಷಯದಲ್ಲಿ, ಮತ್ತು ಅದು ನಗುವ ಕಲಿಕೆಯಾಗಿರಲಿಲ್ಲ.

ರತ್ನ ಉಯ್ಯಂಬಳ್ಳಿ ಕಡೆಯ ಸೊಸೆ. ಗಂಡನಿಗೆ ಬೇಸಾಯ, ಇವಳಿಗೆ ಹಾರೋಹಳ್ಳಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕೆಲಸ. ಮೊದಲ ಸಲ ಬಂದಾಗ ಇಪ್ಪತ್ತಮೂರು ವರ್ಷ, ಕಡ್ಡಿ ಹಾಗಿದ್ದಳು. ಚಾರ್ಟು ತೋರಿಸಿದರೆ ಮಾತಾಡದೆ ನೀರುಮಜ್ಜಿಗೆಯ ಲೋಟದ ಮೇಲೆ ಬೆರಳಿಟ್ಟು, ಹತ್ತು ಬೆರಳು ತೋರಿಸಿ, ಆಮೇಲೆ ಇನ್ನೂ ಎರಡು ತೋರಿಸಿದಳು. ಪರೀಕ್ಷೆ ಮಾಡಿ ಕಾಯಿಲೆಯ ಹೆಸರು ಹೇಳಿದ ದಿನ ಅವಳು ಕೇಳಿದ್ದು ಒಂದೇ ಮಾತು. "ನಮ್ಮನೇಲಿ ಗೊತ್ತಾಗ್‌ಬಾರ್ದು ಸಿಸ್ಟ್ರೇ. ಮದ್ವೆಯಾಗಿ ಮೂರು ವರ್ಷ ಆಯ್ತು, ಮಕ್ಳಿಲ್ಲ ಅಂತ ಆಗ್ಲೇ ನಂಟ್ರು ಆಡ್ಕೊತಾವ್ರೆ. ಇನ್ನ ವಾಸಿಯಾಗ್ದಿರೋ ಕಾಯ್ಲೆ ಅಂದ್ರೆ ನಮ್ಮತ್ತೆ ತವರಿಗೆ ಕಳಿಸ್‌ಬುಡ್ತಾರೆ." ಆಣೆ ಹಾಕಿಸಿಕೊಂಡಳು. ನಾನೂ ಹಾಕಿದೆ. ಮನೆಯಲ್ಲಿ ಕಣ್ಣಿನ ಪರೀಕ್ಷೆ ಎಂದು ಹೇಳಿ ಆಸ್ಪತ್ರೆಗೆ ಬರುತ್ತಿದ್ದಳು.

ಕಾರ್ಖಾನೆಯಲ್ಲಿ ಇನ್ನೊಂದು ಪಾಡು. ಅಲ್ಲಿ ಲೈನಿಗೊಂದು ಮರದ ಹಲಗೆ ಮೊಳೆಗೆ ತೂಗುಹಾಕಿರುತ್ತಿದ್ದರು. ಕಕ್ಕಸಿಗೆ ಹೋಗುವವರು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಅದು ವಾಪಸ್ ಬರುವವರೆಗೂ ಇನ್ನೊಬ್ಬರು ಏಳುವ ಹಾಗಿಲ್ಲ. ನಲವತ್ತು ಹೆಂಗಸರಿಗೆ ಒಂದು ಹಲಗೆ! ರತ್ನಳನ್ನು ಕೇಳಿ, ಅವಳು ಹೂಂ ಅಂದ ಮೇಲೆ, ಚಾರ್ಟು ಸುತ್ತಿಕೊಂಡು ನಾನೇ ಹಾರೋಹಳ್ಳಿಗೆ ಹೋದೆ. ಸೂಪರ್‌ವೈಸರ್ ಊಟಕ್ಕೆ ಕೂತಿದ್ದ. "ಮೇಡಂ, ಒಬ್ಬರಿಗೆ ಬಿಟ್ರೆ ಎಲ್ಲಾರೂ ಕೇಳ್ತಾರೆ, ಪ್ರೊಡಕ್ಷನ್ ಏನಾಗ್ಬೇಕು?" ಎಂದ. ನಾನು ಜಗಳವಾಡಲಿಲ್ಲ. ಅವನ ಊಟದ ಡಬ್ಬಿಯ ಪಕ್ಕದಲ್ಲೇ ಚಾರ್ಟು ಬಿಡಿಸಿ, ಕೋಲಿನಲ್ಲಿ ತೋರಿಸಿಕೊಂಡು ಒಂದನೆಯದರಿಂದ ವಿವರಿಸಲು ಶುರು ಮಾಡಿದೆ. ಗಂಜಿಯವರೆಗೆ ತಡೆದುಕೊಂಡ. ಅಂಬಲಿಗೆ ಬಂದಾಗ ಡಬ್ಬಿ ಮುಚ್ಚಿದ. "ಆಯ್ತು ಮೇಡಂ, ಆಯ್ತು! ಅವ್ರಿಗೆ ಹಲಗೇನೇ ಬೇಡ, ಯಾವಾಗ ಬೇಕಾದ್ರೂ ಹೋಗ್ಲಿ, ಮೊದ್ಲು ಅದನ್ನ ಸುತ್ತಿ!" ನನ್ನ ವೃತ್ತಿ ಜೀವನದಲ್ಲಿ ಅಷ್ಟು ಸಲೀಸಾಗಿ ಗೆದ್ದದ್ದು ಇನ್ನೊಂದಿಲ್ಲ.

ಡಾಕ್ಟ್ರು ರತ್ನಳಿಗೆ ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರು. ಇದನ್ನು ಥಟ್ಟನೆ ನಿಲ್ಲಿಸುವಂತಿಲ್ಲ, ವಾರವಾರ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹದಿನೈದು ದಿನದಲ್ಲಿ ರಕ್ತ ನಿಂತಿತು, ಹನ್ನೆರಡು ಇದ್ದದ್ದು ಮೂರಕ್ಕೆ ಬಂತು. ಮಾತ್ರೆಗೆ ಹಸಿವು ಹೆಚ್ಚಾಗುತ್ತದೆ, ಮುಖ ದುಂಡಗಾಗುತ್ತದೆ, ಮುಟ್ಟು ಏರುಪೇರಾಗುವುದೂ ಉಂಟು. ಇದನ್ನೆಲ್ಲ ನಾನು ರತ್ನಳಿಗೆ ಚೆನ್ನಾಗಿಯೇ ಹೇಳಿದ್ದೆ. ಅವಳ ಮನೆಯವರು ಆ ಮುಖ ನೋಡಿ ಏನಂದುಕೊಳ್ಳಬಹುದು ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಅವಳ ಅತ್ತೆ ಚಿಕ್ಕತಾಯಮ್ಮ ಬಲು ಸೂಕ್ಷ್ಮದ ಹೆಂಗಸು. ಸೊಸೆಯ ಕೆನ್ನೆ ತುಂಬಿಕೊಂಡಿದೆ, ಎರಡು ಮುದ್ದೆ ಸಾಲದೆ ಮೂರನೆಯದು ಕೇಳುತ್ತಾಳೆ, ಬೆಳಗ್ಗೆ ಎದ್ದ ಕೂಡಲೇ ಹಿತ್ತಿಲಿಗೆ ಓಡುತ್ತಾಳೆ, ಈ ತಿಂಗಳು ಹೊರಗೆ ಕೂತಿಲ್ಲ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು? ಆಯಮ್ಮ ಸಂತೋಷದಲ್ಲಿ ಕುಣಿದಾಡಿಬಿಟ್ಟರು. ಬೀದಿಗೆಲ್ಲ ಸಕ್ಕರೆ ಹಂಚಿದರು. ಸೊಸೆಯ ಕಾರ್ಖಾನೆ ಚೀಲದಲ್ಲಿ ಮಾತ್ರೆ ಕಂಡಾಗ, "ಬಸುರೀಲಿ ಇಂಥ ಮಾತ್ರೆ ನುಂಗಿದ್ರೆ ಕೂಸಿಗೆ ಉಷ್ಣ ಆಯ್ತದೆ" ಎಂದು ಎಲ್ಲವನ್ನೂ ತೆಗೆದು ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಬಚ್ಚಿಟ್ಟರು.

ರತ್ನ ಯಾಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ನಾನೇ ರೇಗಿದೆ. ಅವಳು ಹೇಳಿದ್ದು ಕೇಳಿ ನನ್ನ ರೇಗಾಟ ಇಳಿದುಹೋಯಿತು. "ಮೂರು ವರ್ಷದಾಗೆ ಮೊದಲ್ನೇ ಸಲ ನಮ್ಮತ್ತೆ ನನ್ ತಲೆಗೆ ಎಣ್ಣೆ ಒತ್ತುದ್ರು ಸಿಸ್ಟ್ರೇ. ಮುದ್ದೆಗೆ ತುಪ್ಪ ಬುಟ್ರು. ನಾಳೆ ಹೇಳನ, ನಾಳೆ ಹೇಳನ ಅಂತ ಎಂಟು ದಿನ ಆಗೋಯ್ತು."

ಒಂಬತ್ತನೇ ದಿನ ಬೆಳಗ್ಗೆ ಗಂಡ ಅವಳನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಕನಕಪುರ ದಾಟಿ ರಾಮನಗರಕ್ಕೆ ತಂದ. ಇಪ್ಪತ್ತು ಸಲ ಹೋಗಿದ್ದಳು, ಬರೀ ರಕ್ತ. ಜ್ವರ, ನಾಡಿ ಓಡುತ್ತಿತ್ತು. ಚಿಕ್ಕತಾಯಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, "ಕೂಸು ಉಳಿಸ್ಕೊಡು ಸಿಸ್ಟ್ರವ್ವ, ನಿನ್ ಕಾಲ್ಗೆ ಬೀಳ್ತೀನಿ" ಎಂದು ಅಳತೊಡಗಿದರು. ಡಾಕ್ಟ್ರು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಮೂರು ದಿನ ರಕ್ತನಾಳಕ್ಕೆ ಔಷಧಿ ಕೊಡೋಣ. ಮೂರನೇ ದಿನ ಹೋಗೋದು ಎಂಟು ಸಲಕ್ಕಿಂತ ಕೆಳಗೆ ಬರಬೇಕು. ಬರದಿದ್ದರೆ ಬೆಂಗಳೂರಿಗೆ ಕಳಿಸಿ ದೊಡ್ಡ ಕರುಳು ತೆಗೆಸಬೇಕಾಗುತ್ತೆ, ಮಲ ತುಂಬೋಕೆ ಹೊಟ್ಟೆಗೆ ಚೀಲ ಹಾಕ್ತಾರೆ."

"ಮಾತ್ರೆ ನಿಲ್ಲಿಸಿದ್ದು ಯಾರು?" ಎಂದು ವಾರ್ಡಿನಲ್ಲಿ ಕೂಗಿದೆ. ಚಿಕ್ಕತಾಯಮ್ಮ ಶಾಲೆಯ ಮಗುವಿನ ಹಾಗೆ ಮೆಲ್ಲಗೆ ಕೈ ಎತ್ತಿದರು. ಬಾಯಿಗೆ ಬಂದಂತೆ ಬೈದೆ. ಬೈಯುತ್ತಿರುವಾಗಲೇ ನನಗೆ ಹೊಳೆಯಿತು, ಬೈಸಿಕೊಳ್ಳಬೇಕಾದವಳು ನಾನು. ಆ ಮನೆಯಲ್ಲಿ ಅಡುಗೆ, ಮಾತ್ರೆ, ಮಾತು ಎಲ್ಲವೂ ಈ ಹೆಂಗಸಿನ ಕೈಯಲ್ಲಿ. ಇವರಿಗೇ ಏನೂ ಹೇಳದೆ, ಗುಟ್ಟು ಕಾಪಾಡುತ್ತೇನೆಂದು ಬೀಗಿಕೊಂಡು ಕೂತಿದ್ದೆ. ಆಣೆ ಹಾಕುವ ಬದಲು ರತ್ನಳ ಮನವೊಲಿಸಿ ಅತ್ತೆಯನ್ನು ಒಂದು ದಿನ ಕರೆಸಿಕೊಂಡಿದ್ದರೆ ಸಾಕಿತ್ತು.

ಹಾಸಿಗೆ ಹತ್ತಿರ ಹೋಗಿ, "ರತ್ನ, ಈಗಲಾದ್ರೂ ಹೇಳಬೇಕಲ್ಲಮ್ಮ" ಎಂದೆ. ಅವಳು ಗೋಡೆ ಕಡೆ ತಿರುಗಿಕೊಂಡು, "ಹೇಳ್ಬುಡಿ, ಇನ್ನೇನು" ಎಂದಳು. ಚಾರ್ಟು ತಂದು, ಕರುಳಿನ ಚಿತ್ರ ಬರೆದು, ಚಿಕ್ಕತಾಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಕಾಯಿಲೆ ಏನು, ಇದು ಅಂಟುವುದಿಲ್ಲ, ಜೀವನಪೂರ್ತಿ ಮಾತ್ರೆ ಬೇಕು, ಮುಖ ದುಂಡಗಾಗಿದ್ದು ಯಾಕೆ. ಕಾಯಿಲೆ ಅಡಗಿದ ಮೇಲೆ ಮಕ್ಕಳೂ ಆಗಬಹುದು, ಆದರೆ ಈಗ ಹೊಟ್ಟೆಯಲ್ಲಿ ಕೂಸಿಲ್ಲ. ಆಯಮ್ಮ ಎದ್ದರು. ಸೆರಗು ಸಿಕ್ಕಿಸಿಕೊಂಡು, ಮಗನಿಗೆ "ಇಲ್ಲೇ ಇರು" ಎಂದು, ಹೊರಟೇಹೋದರು. ರತ್ನ ತಿರುಗದೆಯೇ, "ಹೋದ್ರಾ?" ಎಂದಳು. ನಾನು ಅವಳ ಹೊದಿಕೆ ಸರಿಮಾಡಿದೆ.

ಮೊದಲ ದಿನ ಹದಿನೆಂಟು ಸಲ.

ಎರಡನೇ ದಿನ ಬೆಳಗ್ಗೆ ನಾನು ಡ್ಯೂಟಿಗೆ ಬಂದಾಗ ಚಿಕ್ಕತಾಯಮ್ಮ ಹಾಸಿಗೆ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಊರಿಗೆ ಹೋಗಿ, ಹಸು ಕರೆದು, ಡೈರಿಗೆ ಹಾಲು ಹಾಕಿ, ಮೊದಲ ಬಸ್ಸು ಹಿಡಿದು ಬಂದಿದ್ದರು. ಮಡಿಲಿನಿಂದ ಬಟ್ಟೆಯ ಗಂಟು ಬಿಚ್ಚಿದರು. ವಾಡೆಯಲ್ಲಿದ್ದ ಮಾತ್ರೆಗಳು, ರಾಗಿ ಧೂಳು ಒರೆಸಿ ತಂದಿದ್ದರು. "ಒಂದೂ ಕಳ್ದಿಲ್ಲ ನೋಡು ಸಿಸ್ಟ್ರವ್ವ. ಯಾವ್ದು ಯಾವಾಗ ಅಂತ ನಂಗೆ ಹೇಳ್ಕೊಡು. ಇವ್ಳು ಹೇಳದ್ನ ನಾನಿನ್ನ ನಂಬಕಿಲ್ಲ." ಆಮೇಲೆ ಇನ್ನೊಂದು ಪೊಟ್ಟಣ ತೆಗೆದರು, ಅವರೆಕಾಳು. ರತ್ನ ಕಕ್ಕಸಿಗೆ ಹೋಗಿ ಬಂದಾಗಲೆಲ್ಲ ಒಂದು ಕಾಳು ಕಿಟಕಿಯ ಮೇಲೆ ಇಡುವರು. ಸೊಸೆಯ ಹಿಂದೆ ಬಾಗಿಲವರೆಗೂ ಹೋಗಿ, "ಏನವ್ವಾ, ಅಂಬಲಿನಾ ಮಜ್ಜಿಗೇನಾ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗುವರು. ರತ್ನಳಿಗೆ ನಾಚಿಕೆಯಿಂದ ಸತ್ತೇಹೋಗುವಂತೆ ಆಗುತ್ತಿತ್ತು. ಅವತ್ತು ಹನ್ನೆರಡು ಕಾಳು.

ಮೂರನೇ ದಿನ ನಾನು ಗಳಿಗೆಗೊಮ್ಮೆ ವಾರ್ಡಿಗೆ ಬಂದು ಹೋಗುತ್ತಿದ್ದೆ. ವಾರ್ಡಿನವರೆಲ್ಲ ಕಿಟಕಿಯ ಕಡೆಗೇ ನೋಡುತ್ತಿದ್ದರು. ಪಕ್ಕದ ಹಾಸಿಗೆಯ ಅಜ್ಜಿ ಕೂಡ ತನ್ನ ಮೊಣಕಾಲು ನೋವು ಮರೆತು ಕಾಳು ಎಣಿಸುತ್ತಿತ್ತು. ಸಂಜೆ ಡಾಕ್ಟ್ರು ಬಂದಾಗ ನನ್ನ ಪಟ್ಟಿಯಲ್ಲಿ ಏಳು ಇತ್ತು. ಚಿಕ್ಕತಾಯಮ್ಮ ಅಂಗೈ ಚಾಚಿದರು, ಅದರಲ್ಲಿ ಆರೇ ಕಾಳು. "ಏಳು ಕಣಮ್ಮ, ನಾನು ಬರ್ಕೊಂಡಿದ್ದೀನಿ" ಎಂದೆ. "ನೀನು ಬರ್ಕೊಂಡಿದ್ರೆ ಬರ್ಕೊಂಡಿರು. ಮಧ್ಯಾನ್ದಾಗೆ ಒಂದ್ ಸಲ ಹೋದ್ಳಲ್ಲ, ಅದು ಬರೀ ಗಾಳಿ ಕಣವ್ವ. ನಾನು ಬಾಗ್ಲಲ್ಲೇ ನಿಂತಿದ್ದೆ!" ಡಾಕ್ಟ್ರು ಮುಖ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು, ಭುಜ ಕುಲುಕುತ್ತಿತ್ತು. ಆರೋ ಏಳೋ, ಎಂಟರ ಕೆಳಗೆ ಬಂದಿತ್ತು. ರತ್ನಳ ಕರುಳು ಉಳಿಯಿತು. ನಾನು ಔಷಧಿ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಅತ್ತು, ಮುಖ ಒರೆಸಿಕೊಂಡು ಬಂದೆ.

ಈಗಿನವರು ರೋಗಿಗಳಿಂದ ಮೊಬೈಲಿಗೆ ಫೋಟೋವನ್ನೇ ತರಿಸಿಕೊಳ್ಳುತ್ತಾರಂತೆ, ಮಲವನ್ನು ಪರೀಕ್ಷೆಗೆ ಕಳಿಸಿದರೆ ಹುಣ್ಣು ಎಷ್ಟಿದೆ ಎಂಬ ಅಂಕಿಯೇ ಬರುತ್ತದಂತೆ. ಒಳ್ಳೆಯದೇ. ಆದರೂ ಮನೆಯಲ್ಲಿ ಮಾತ್ರೆ ಇಟ್ಟುಕೊಳ್ಳುವವರು ಯಾರು ಎಂದು ಕೇಳಿ ಹುಡುಗಿಯರೇ. ಅವರನ್ನೂ ಕರೆದು ಕೂರಿಸಿ.

ಆದರೆ ರತ್ನ ಹೆದರಿದ್ದು ಕರುಳಿಗಲ್ಲವಲ್ಲ. ಮನೆಗೆ ಹೋಗುವ ಹಿಂದಿನ ದಿನ ಚಿಕ್ಕತಾಯಮ್ಮನ ವಾರಗಿತ್ತಿ ನೋಡಲು ಬಂದರು. ಒಂದು ಡಜನ್ ಬಾಳೆಹಣ್ಣು ಇಟ್ಟು, ರೋಗಿಯ ಮುಖ ಒಮ್ಮೆ ನೋಡಿ, ದನಿ ತಗ್ಗಿಸಿದರು. ಅವರ ತಗ್ಗಿಸಿದ ದನಿ ನಾನು ಕೂತಿದ್ದ ಮೇಜಿನವರೆಗೂ ಕೇಳುತ್ತಿತ್ತು. "ಅಲ್ಲ ಕಣಕ್ಕ, ಬಸುರಿ ಅಂದೆ, ಬಸುರೂ ಇಲ್ಲ. ಸಾಯಗಂಟ ಮಾತ್ರೆ ನುಂಗ್ಬೇಕಂತೆ. ಸುಮ್ಕೆ ತವರಿಗೆ ಕಳಿಸ್‌ಬುಡು." ರತ್ನ ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನಾನು ಪೆನ್ನು ಕೆಳಗಿಟ್ಟೆ.

ಚಿಕ್ಕತಾಯಮ್ಮ ಒಂದು ಬಾಳೆಹಣ್ಣು ಸುಲಿದು, ನಾರು ತೆಗೆದು, ಸೊಸೆಯ ಕೈಗಿಟ್ಟರು. ಆಮೇಲೆ ಹೇಳಿದರು. "ಕಳಿಸ್ತೀನಿ ಕಣವ್ವ. ಆದ್ರೆ ಇವ್ಳಿಗೆ ಹೊತ್ತ್ಹೊತ್ತಿಗೆ ಮಾತ್ರೆ ಕೊಡ್ಬೇಕಲ್ಲ, ಅದ್ಕೆ ನಾನೂ ಇವ್ಳ ಜೊತೇಲೇ ಹೊಂಟೋಯ್ತೀನಿ. ನಾಳೆಯಿಂದ ನೀನು ಬಂದು ನಮ್ಮನೇಲಿರು. ನಾಕ್ ಹಸ ಅವೆ, ಕರ್ಕೊಂಡು ಡೈರಿಗೆ ಹಾಕು. ನನ್ ಮಗಂಗೆ ಹೊತ್ತಾರೆಗೇ ಬಿಸಿ ಮುದ್ದೆ ಆಗ್ಬೇಕು."

ವಾರಗಿತ್ತಿ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ರತ್ನ ಬಾಳೆಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು, ಬಹಳ ಸಣ್ಣ ದನಿಯಲ್ಲಿ, "ನಮ್ಮವ್ವನ ಮನೇಲಿ ಇರೋದು ಒಂದೇ ಅಂಕಣ ಕಣತ್ತೆ. ನಿಮ್ಗೆ ಮನೀಕಳಕ್ಕೆ ಜಾಗ ಇಲ್ಲ" ಎಂದಳು.

ಚಿಕ್ಕತಾಯಮ್ಮ ಬಾಳೆಹಣ್ಣಿನ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಿದರು.

"ಹಂಗಾರೆ ಬ್ಯಾಡ ಬುಡು," ಎಂದರು. "ಇಬ್ರೂ ನಮ್ಮನೆಗೇ ಹೋಗಣ."